ಹದಿಮೂರನೆಯ ಮಷೀನು

ಮನೆಯಿಂದ,
ಮಾರ್ಚ್ ೧೪, ಶನಿವಾರ ಮಧ್ಯಾಹ್ನ

ಪ್ರೀತಿಯ ಪಿಟೀಲು,

ಹೇಗಿದ್ದೀಯೆ? ಬೆನ್ನುನೋವು ಕಡಿಮೆಯಾಯಿತೇ? ಹೋಗುವ ದಿನ ಬಸ್ಸಿನ ಮೆಟ್ಟಿಲು ಹತ್ತುವಾಗ ಸೊಂಟಕ್ಕೆ ಕೈ ಕೊಟ್ಟುಕೊಂಡಿದ್ದೆ. ಕಂಪ್ಯೂಟರಿನ ಮುಂದೆ ಕಾಲು ಮಡಚಿ ಕೂರಬೇಡ ಎಂದರೆ ನೀನು ಯಾವತ್ತು ಕೇಳಿದವಳು? ಇಲ್ಲಿ ಎಲ್ಲರೂ ಆರೋಗ್ಯ. ನಿನ್ನ ಭಾವನ ಕೆಮ್ಮು ಇಳಿದಿದೆ. ಅವರ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಮಷೀನಿಗೆ ಕೊನೆಗೂ ಮುಚ್ಚಳ ಹಾಕಿಸಿದ್ದಾರೆ. ನನ್ನ ಮಗಳು ನೀನಿದ್ದ ಕೋಣೆಗೆ ನುಗ್ಗಿ ಬಾಗಿಲ ಮೇಲೆ ‘ಚಿಕ್ಕಮ್ಮ ವಾಪಸ್ ಬರುವ ತನಕ ಮಾತ್ರ’ ಎಂದು ಚೀಟಿ ಅಂಟಿಸಿದ್ದಾಳೆ. ನಾನು ಹತ್ತು ದಿನ ಎಲ್ಲಾದರೂ ಹೋದರೆ ನನಗಾಗಿ ಒಂದು ಚೀಟಿ ಅಂಟಿಸುವವರು ಈ ಮನೆಯಲ್ಲಿ ಯಾರೂ ಇಲ್ಲ. ನೋಡು, ಕ್ಷೇಮಸಮಾಚಾರ ಮುಗಿಯುವ ಮೊದಲೇ ಶುರು ಮಾಡಿದೆ.

ಫೋನು ಬಿಟ್ಟು ಕಾಗದ ಯಾಕೆ ಎಂದು ನಿನಗೆ ಅನಿಸಬಹುದು. ಫೋನಿನಲ್ಲಿ ನೀನು “ಅಕ್ಕಾ” ಎಂದರೆ ಸಾಕು, ನಾನು “ಎಲ್ಲಾ ಸರಿಯಾಗಿದೆ ಕಣೆ” ಎಂದು ಮಾತು ಮುಗಿಸಿಬಿಡುತ್ತೇನೆ. ಮೂರು ಸಲ ಹಾಗೇ ಆಯಿತು. ಇದರಲ್ಲಿ ಬಹಳಷ್ಟು ನಿನಗೆ ಗೊತ್ತಿರುವುದೇ. ಆದರೆ ನಾನು ನಿಂತಿದ್ದ ಕಡೆಯಿಂದ ಅದು ಹೇಗೆ ಕಾಣುತ್ತಿತ್ತು ಎಂಬುದು ಗೊತ್ತಿಲ್ಲ. ಸ್ವಲ್ಪ ತಾಳ್ಮೆಯಿಂದ ಓದು.

ಡಯಾಲಿಸಿಸ್ ಕೇಂದ್ರಕ್ಕೆ ನಾನು ಸೇರಿದ್ದು ರೆಕಾರ್ಡ್ ಬರೆಯುವವಳಾಗಿ. ಯಾವ ರೋಗಿ, ಯಾವ ದಿನ, ಹದಿನಾಲ್ಕು ಮಷೀನುಗಳಲ್ಲಿ ಯಾವುದರ ಮುಂದೆ ಕೂರಬೇಕು ಎಂದು ಹೇಳುವ ಆ ವೆಬ್‌ಸೈಟನ್ನು ಯಾರೋ ಬರೆದುಕೊಟ್ಟು ಹೋಗಿದ್ದರು. ಅದು ಕೆಟ್ಟಾಗ ನೋಡುವವರಿಲ್ಲದೆ, ಪುಸ್ತಕ ಓದಿ, ಅವರಿವರ ಕಾಲು ಹಿಡಿದು ನಾನೇ ಕಲಿತೆ. ಒಂಬತ್ತು ವರ್ಷ. ಏನಾದರೂ ಬದಲಾವಣೆ ಮಾಡಬೇಕಾದರೆ ಬುಧವಾರ ಮಧ್ಯಾಹ್ನ, ಬೆಳಗಿನ ಪಾಳಿಯವರು ಎದ್ದು ಮುಂದಿನ ಪಾಳಿಯವರು ಕೂರುವ ನಡುವಿನ ನಲವತ್ತು ನಿಮಿಷದಲ್ಲಿ ಮಾಡಬೇಕು. ನನ್ನ ನೋಟ್‌ಬುಕ್ಕಿನಲ್ಲಿ ಮೂವತ್ತೊಂದು ಹೆಜ್ಜೆ ಬರೆದಿಟ್ಟಿದ್ದೆ. ಒಂದು ತಪ್ಪಿದರೂ ಪರದೆ ಬೆಳ್ಳಗೆ ನಿಂತುಬಿಡುತ್ತಿತ್ತು. ಆ ನಲವತ್ತು ನಿಮಿಷ ಹೆಡ್ ಸಿಸ್ಟರ್ ನನ್ನ ಬೆನ್ನ ಹಿಂದೆ ನಿಂತಿರುತ್ತಿದ್ದರು, ಡಾಕ್ಟರು ಬಾಗಿಲಲ್ಲಿ ಇಣುಕುತ್ತಿದ್ದರು. ಪರದೆ ಬಂದ ಕೂಡಲೇ ಸಿಸ್ಟರ್ ಹೇಳುತ್ತಿದ್ದ ಮಾತು ಒಂದೇ: “ನಿಮ್ಮ ಕೈಗುಣ ಬೇರೆಯವರಿಗೆ ಬರಲ್ಲ ಬಿಡಿ.” ಪಿಟೀಲು, ನನಗೆ ಯಾರೂ ಹಾಡು ಬರುತ್ತದೆ, ಓದು ಬರುತ್ತದೆ ಎಂದು ಹೇಳಿದವರಲ್ಲ. ಅದೆಲ್ಲ ನಿನ್ನ ಪಾಲಿಗೆ ಹೋಯಿತು. ನಾನು ಒಂದು ತಿಂಗಳು ಮಂಡಿ ತರಚಿಕೊಂಡು ಕಲಿತ ಸೈಕಲ್ಲನ್ನು ನೀನು ಒಂದು ಸಂಜೆಯಲ್ಲಿ ಕಲಿತು, ಅದೂ ನನ್ನ ಸೈಕಲ್ಲಿನಲ್ಲೇ, ಕೈ ಬಿಟ್ಟು ಓಡಿಸಿದವಳು. ನನ್ನದು ಅಂತ ಇದ್ದದ್ದು ಆ ಬುಧವಾರಗಳು.

ನೀನು ವೆಬ್‌ಸೈಟು ನೋಡಿಕೊಳ್ಳುತ್ತಿದ್ದ ಬಸ್ ಟಿಕೆಟ್ ಕಂಪನಿ ಮುಚ್ಚಿ ನೀನು ನಮ್ಮಲ್ಲಿಗೆ ಬಂದಾಗ ನನಗೆ ನಿಜವಾಗಿ ಸಂತೋಷವಾಗಿತ್ತು. ನಾಲ್ಕು ದಿನ ಅಕ್ಕನ ಕೈಯಲ್ಲಿ ಉಣ್ಣಲಿ ಎಂದುಕೊಂಡೆ. ಅಷ್ಟರಲ್ಲಿ ಆ ದರಿದ್ರ ಸೋಮವಾರ ವೆಬ್‌ಸೈಟು ಬೆಳಿಗ್ಗೆಯೇ ನಿಂತುಹೋಗಿ, ನಾನು ಎರಡು ಗಂಟೆ ಒದ್ದಾಡಿ, ರೋಗಿಗಳು ಕಾರಿಡಾರಿನಲ್ಲಿ ಕೂತು, ಡಾಕ್ಟರು “ನಿಮ್ಮ ತಂಗೀನೂ ಇದೇ ಕೆಲಸ ಅಂದಿದ್ರಲ್ಲ, ಒಂದ್ಸಲ ಕರ್ಕೊಂಡು ಬನ್ನಿ” ಎಂದರು. ಕರೆದುಕೊಂಡು ಬಂದೆ. ನನ್ನ ಕಾಲಿಗೆ ನಾನೇ ಕೊಡಲಿ ಹಾಕಿಕೊಂಡದ್ದು ಆಮೇಲೆ ತಿಳಿಯಿತು.

ನೀನು ಒಂದು ವಾರದಲ್ಲಿ ವೆಬ್‌ಸೈಟಿನ ಕೋಡನ್ನೆಲ್ಲ ಹಳೆಯ ಸರ್ವರಿನಿಂದ ಎತ್ತಿ ಕಂಟೇನರಿನೊಳಗೆ ಇಟ್ಟೆ. ಹಾಗಂದರೇನು ಎಂದು ನಿನ್ನ ಭಾವ ಊಟದ ಮಧ್ಯೆ ಕೇಳಿದರು. “ಮನೆ ಬದಲಾಯ್ಸೋವಾಗ ಅಡುಗೆಮನೇನ ಒಲೆ, ಸಿಲಿಂಡರ್, ಉಪ್ಪಿನ ಡಬ್ಬಿ ಸಮೇತ ಹಾಗೇ ಎತ್ಕೊಂಡು ಹೋದ ಹಾಗೆ ಭಾವ, ಎಲ್ಲಿಟ್ರೂ ಅದೇ ರುಚಿ” ಎಂದೆ ನೀನು. ಅವರು ತಟ್ಟೆ ತಟ್ಟಿ ನಕ್ಕರು. ಒಂಬತ್ತು ವರ್ಷದಲ್ಲಿ ಅವರು ನನ್ನನ್ನು ನನ್ನ ಕೆಲಸದ ಬಗ್ಗೆ ಒಂದು ಪ್ರಶ್ನೆ ಕೇಳಿಲ್ಲ. ಮುಂದಿನ ವಾರ ನೀನು ಕೋಡು ಸರಿಯಿದೆಯೇ ಎಂದು ತಾವೇ ನೋಡುವ ಪರೀಕ್ಷೆಗಳನ್ನು ಬರೆದೆ. ಒಬ್ಬರಿಗೆ ಒಂದೇ ಹೊತ್ತಿನಲ್ಲಿ ಎರಡು ಮಷೀನು ಸಿಗಬಾರದು, ರಿಪೇರಿಯಲ್ಲಿರುವ ಮಷೀನು ಯಾರಿಗೂ ಸಿಗಬಾರದು, ಹೀಗೆ ನೂರ ಹತ್ತೊಂಬತ್ತು. ಯಾರು ಒಂದಕ್ಷರ ಬದಲಿಸಿದರೂ ಅಷ್ಟೂ ಪರೀಕ್ಷೆ ತಾನಾಗಿ ನಡೆದು, ಎಲ್ಲವೂ ಪಾಸಾಗಿ ಹಸಿರಾದರೆ ಮಾತ್ರ ಹೊಸದು ತಾನಾಗಿ ಮೇಲೇರಿ ಬಳಕೆಗೆ ಬರುತ್ತದೆ. ಏರಿದ ಮೇಲೆ ಕೆಟ್ಟರೆ ಹಳೆಯದೇ ಮರಳುತ್ತದೆ. ಡಾಕ್ಟರ ಎದುರು ನೀನು ತೋರಿಸಿದಾಗ ಮೂರೂವರೆ ನಿಮಿಷ ಹಿಡಿಯಿತು. ಹೆಡ್ ಸಿಸ್ಟರ್ ಗಡಿಯಾರ ನೋಡಿದರು, ನನ್ನನ್ನು ನೋಡಿದರು. ಡಾಕ್ಟರು ಟೀ ಲೋಟ ಕೆಳಗಿಟ್ಟು, “ಇಷ್ಟು ವರ್ಷ ನಾವು ಯಾಕೆ ಇಷ್ಟು ಕಷ್ಟ ಪಟ್ವಿ?” ಎಂದರು. ಅವರು ನನ್ನನ್ನು ಚುಚ್ಚಲು ಹೇಳಿದ್ದಲ್ಲ. ಚುಚ್ಚಲು ಹೇಳಿದ್ದರೆ ಅಷ್ಟು ನೋಯುತ್ತಿರಲಿಲ್ಲ.

ಮಾರನೆಯ ದಿನ ರೆಕಾರ್ಡ್ ಕೋಣೆಯಲ್ಲಿ ನೀನು ಕೇಳಿದ್ದು ನಿನಗೆ ನೆನಪಿದೆ ಎಂದು ನನಗೆ ಗೊತ್ತು. “ಅಕ್ಕ, ಈ ಸಾಲಲ್ಲಿ ಒಂದು ಫೈಲ್ ಹುಡುಕ್ತಾ ಇದೆ. ಆ ಫೈಲ್ ಕೋಡಿನ ಜೊತೆ ಇಲ್ಲ, ಹಳೇ ಸರ್ವರಲ್ಲಿ ಮಾತ್ರ ಇರ್ಬೇಕು. ಅದು ಬೇಕಾ?”

ನಾನು “ಅದು ಹಳೇದು, ಈಗ ಬಳಕೇಲಿಲ್ಲ, ಬಿಡು” ಎಂದೆ.

ಮರೆತು ಹೇಳಿದ್ದಲ್ಲ. ನಿನ್ನ ಭಾವನಿಗೆ ಮರೆತೆ ಎಂದು ಹೇಳಿದ್ದೇನೆ, ನಿನಗೆ ಹೇಳಲಾರೆ. ಆ ಫೈಲಿನಲ್ಲಿ ಇದ್ದದ್ದು ಎರಡೇ ಅಂಕಿ, ಹದಿಮೂರು ಮತ್ತು ಹದಿನಾಲ್ಕು. ಗಾಜಿನ ಗೋಡೆಯಾಚೆಯ ಆ ಎರಡು ಮಷೀನು ರಕ್ತದಲ್ಲಿ ಕಾಮಾಲೆಯ ವೈರಸ್ ಇರುವವರಿಗೆ ಮಾತ್ರ. ಬೇರೆಯವರನ್ನು ಅಲ್ಲಿ ಕೂರಿಸಿದರೆ ಅವರಿಗೂ ಅಂಟೀತೆಂಬ ಭಯ. ನಾಲ್ಕು ವರ್ಷದ ಹಿಂದೆ ಆ ನಿಯಮ ಬಂದಾಗ ಅವಸರದಲ್ಲಿ ನಾನೇ ಆ ಎರಡು ಅಂಕಿಯನ್ನು ನೇರವಾಗಿ ಸರ್ವರಿಗೆ ಹಾಕಿದ್ದೆ, ಕೋಡಿಗೆ ಸೇರಿಸಿರಲಿಲ್ಲ. ಫೈಲು ಸಿಗದಿದ್ದರೆ ವೆಬ್‌ಸೈಟು ಹದಿನಾಲ್ಕೂ ಮಷೀನು ಒಂದೇ ಥರ ಎಂದು ತಿಳಿಯುತ್ತದೆ. ನೀನು ಕೇಳಿದ ಕ್ಷಣದಲ್ಲೇ ಆ ಅಂಕಿಗಳು ನನ್ನ ಕಣ್ಣ ಮುಂದೆ ಬಂದವು. ಇವಳಿಗೆ ಗೊತ್ತಿಲ್ಲದ್ದು ಒಂದಾದರೂ ಇರಲಿ ಎನಿಸಿತು. ನಿನ್ನದು ಮೇಲೇರಿದ ಮೇಲೆ ಏನೋ ಕೆಡುತ್ತದೆ, ಹೆಡ್ ಸಿಸ್ಟರಿಗೆ ಆ ಎರಡು ಮಷೀನಿನವರ ಹೆಸರು ಬಾಯಿಪಾಠ, ಅವರು ಕೂಡಲೇ ಕಂಡುಹಿಡಿಯುತ್ತಾರೆ, ಆಮೇಲೆ ನನ್ನನ್ನು ಕರೆಯುತ್ತಾರೆ. ಇಷ್ಟೇ ನನ್ನ ಲೆಕ್ಕ. ಆ ಅಂಕಿಗಳ ಮುಂದೆ ಒಬ್ಬ ಮನುಷ್ಯ ಬಂದು ಕೈ ಚಾಚಿ ಕೂರುತ್ತಾನೆ ಎಂಬುದು ನನ್ನ ಲೆಕ್ಕದಲ್ಲೇ ಇರಲಿಲ್ಲ.

ಬುಧವಾರ ನಿನ್ನದು ಮೇಲೇರಿತು, ನೂರ ಹತ್ತೊಂಬತ್ತೂ ಹಸಿರು. ಗುರುವಾರ ಬೆಳಿಗ್ಗೆ ನೀನು ಎಲ್ಲರಿಗೂ ಟೀ ತರಲು ಎದುರಿನ ಅಂಗಡಿಗೆ ಹೋದೆ. ಏಳಕ್ಕೆ ಹತ್ತು ನಿಮಿಷ ಇದ್ದಾಗ ನನ್ನ ಪರದೆಯ ಮೇಲೆ ಮೊದಲ ಪಾಳಿಯ ಪಟ್ಟಿ ಬಂತು. ಹದಿಮೂರರ ಎದುರು ನಮ್ಮ ಡ್ರಾಯಿಂಗ್ ಮೇಷ್ಟ್ರ ಹೆಸರು. ಕಾಮಾಲೆ ಗೀಮಾಲೆ ಏನೂ ಇಲ್ಲದ, ಆರು ವರ್ಷದಿಂದ ನಮ್ಮಲ್ಲಿಗೆ ಬರುವ ಮನುಷ್ಯ.

ನಾನು ಏಳಲಿಲ್ಲ. ಕುರ್ಚಿಯಲ್ಲೇ ಕೂತು ಆ ಹೆಸರನ್ನು ನೋಡಿದೆ. ಸಿಸ್ಟರ್ ನೋಡಿಯೇ ನೋಡುತ್ತಾರೆ, ಗಲಾಟೆಯಾಗುತ್ತದೆ, ಟೀ ಹಿಡಿದು ಬರುವ ನಿನ್ನ ಮುಖವನ್ನು ಎಲ್ಲರೂ ನೋಡುತ್ತಾರೆ ಎಂದು ಕಾದೆ. ಹನ್ನೊಂದು ನಿಮಿಷ ಕಾದೆ. ಎಂಥ ಸುಖವಾಗಿತ್ತು ಗೊತ್ತೇ? ಬರೆಯಲು ಕೈ ಬರುತ್ತಿಲ್ಲ, ಆದರೂ ಸುಖವಾಗಿತ್ತು. ಆಮೇಲೆ ಆಯಾ ಬಂದು, ಹೆಡ್ ಸಿಸ್ಟರ್ ಇವತ್ತು ತರಬೇತಿಗೆ ಹೋಗಿದ್ದಾರೆ, ಹೊಸ ಸಿಸ್ಟರ್ ಒಬ್ಬರೇ ಇದ್ದಾರೆ ಎಂದಳು. ಹೊಸಬಳು ಪರದೆ ಹೇಳಿದ್ದನ್ನು ನಂಬುತ್ತಾಳೆ. ನಾನು ಓಡಿದೆ. ಚಪ್ಪಲಿ ಕಾರಿಡಾರಿನಲ್ಲೇ ಉಳಿಯಿತು. ಮೇಷ್ಟ್ರು ಹದಿಮೂರರ ಕುರ್ಚಿಯಲ್ಲಿ ಒರಗಿದ್ದರು, ತೋಳಿಗೆ ಪಟ್ಟಿ ಬಿಗಿದಾಗಿತ್ತು, ಆ ಹುಡುಗಿ ಸೂಜಿಯ ಪೊಟ್ಟಣ ಹರಿದು ಕೈಯಲ್ಲಿ ಹಿಡಿದಿದ್ದಳು. “ನಿಲ್ಸು” ಎಂದೆ. ಮೇಷ್ಟ್ರು ನಕ್ಕು, “ಈ ಕಿಟಕಿ ಹತ್ರ ಬೆಳಕು ಚೆನ್ನಾಗಿದೆ ಅಂತ ಖುಷಿಯಾಗಿದ್ದೆ, ಎಬ್ಬಿಸಿಬಿಟ್ರಲ್ಲಮ್ಮ” ಎಂದರು.

ಆಮೇಲಿನದು ನೀನೇ ನೋಡಿದ್ದೀಯೆ. ನೀವಿಲ್ಲದಿದ್ದರೆ ಏನಾಗುತ್ತಿತ್ತೋ ಎಂದು ಡಾಕ್ಟರು ಎಲ್ಲರೆದುರು ನನಗೆ ಕೈ ಮುಗಿದರು. ನಿನ್ನನ್ನು ಒಳಗೆ ಕರೆದರು. ನಾನು ಬಾಗಿಲ ಹೊರಗೇ ಇದ್ದೆ. ನೀನು “ತಪ್ಪು ನಂದೇ ಸರ್, ನಾನು ಸರಿಯಾಗಿ ವಿಚಾರಿಸ್ಬೇಕಿತ್ತು” ಎಂದದ್ದು ಕೇಳಿಸಿತು. ಅಕ್ಕನನ್ನು ವಿಚಾರಿಸಿದ್ದೆ ಎಂದು ಹೇಳಲು ನಿನಗೆ ಒಂದು ಮಾತು ಸಾಕಿತ್ತು. ಹೇಳಲಿಲ್ಲ. ಮನೆಗೆ ಬಂದು ನನ್ನನ್ನೂ ಕೇಳಲಿಲ್ಲ. ಕೇಳಿದ್ದರೆ ಇನ್ನೊಂದು ಸುಳ್ಳು ಸಿದ್ಧವಾಗಿತ್ತು. ಶನಿವಾರ ನೀನು ಬಸ್ಸು ಹತ್ತಿದೆ.

ಹಳೆಯ ಸರ್ವರು ಮತ್ತೆ ಹತ್ತಿಕೊಂಡಿತು, ನನ್ನ ಬುಧವಾರಗಳು ಮರಳಿದವು, ಮೂವತ್ತೊಂದು ಹೆಜ್ಜೆ, ನಲವತ್ತು ನಿಮಿಷ, ಕೈಗುಣ. ಬೇಕಾದದ್ದೆಲ್ಲ ಸಿಕ್ಕಿತು. ಒಳಗೊಳಗೆ ಮಾತ್ರ, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನ ಪಾಡು. ಯಾರು ಫೈಲ್ ಎಂದರೂ ತಿರುಗಿ ನೋಡುತ್ತಿದ್ದೆ. ಹಾಗೇ ಇದ್ದುಬಿಡುತ್ತಿದ್ದೆನೋ ಏನೋ. ಎರಡು ವಾರ ಕಳೆದು ಮೇಷ್ಟ್ರು ಕಾರ್ಡು ಕೊಡಲು ನನ್ನ ಕಿಟಕಿಗೆ ಬಂದವರು, ನಿಮ್ಮ ತಂಗಿ ಕ್ಷೇಮವೇ ಎಂದು ಕೇಳಿದರು. ಹೋಗುವ ಹಿಂದಿನ ದಿನ ನೀನು ಅವರ ಮನೆ ಹುಡುಕಿಕೊಂಡು ಹೋಗಿ, ಅವರ ಹೆಂಡತಿಯ ಎದುರು ಕ್ಷಮೆ ಕೇಳಿದ್ದೆಯಂತೆ. ನನಗೆ ಅದು ಗೊತ್ತೇ ಇರಲಿಲ್ಲ. “ಎಷ್ಟು ಡಾಕ್ಟ್ರು, ಎಷ್ಟು ಆಫೀಸು ನೋಡಿದೀನಿ. ತಪ್ಪಾಯ್ತು ಅಂತ ಮನೆಗೆ ಬಂದು ಹೇಳಿದ್ದು ಆ ಮಗು ಒಂದೇ” ಎಂದರು.

ಪಿಟೀಲು, ನನ್ನ ಜನ್ಮದಲ್ಲಿ ಅಷ್ಟು ಹೊಟ್ಟೆ ಉರಿದದ್ದಿಲ್ಲ. ಆ ಕ್ಷಮೆ ನನ್ನದಾಗಿತ್ತು ಕಣೆ. ತಪ್ಪು ನನ್ನದು, ಕೇಳಬೇಕಾದವಳು ನಾನು, ಅದನ್ನೂ ನೀನೇ ಮೊದಲು ಹೋಗಿ ಕೇಳಿ, ನನಗಿಂತ ಚೆನ್ನಾಗಿ ಕೇಳಿ ಬಂದಿದ್ದೆ. ಒಳ್ಳೆಯತನದಿಂದ ಎದ್ದೆ ಎಂದು ತಿಳಿಯಬೇಡ, ಆ ಉರಿಯಲ್ಲೇ ಎದ್ದು ಡಾಕ್ಟರ ಕೋಣೆಗೆ ಹೋದೆ. ನೀನು ಕೇಳಿದ್ದು, ನಾನು ಹೇಳಿದ್ದು, ಹನ್ನೊಂದು ನಿಮಿಷ, ಎಲ್ಲ ಹೇಳಿದೆ. ಅವರು ಪೆನ್ನಿನ ಮುಚ್ಚಳ ಹಾಕಿ, “ಸರ್ವರ್ ಕೋಣೆ ಬೀಗದ ಕೈ ಇಲ್ಲಿಡಿ” ಎಂದರು. ಇಟ್ಟೆ. ಕೆಲಸದಿಂದ ತೆಗೆಯಲಿಲ್ಲ; ಈಗ ಬರೀ ರೆಕಾರ್ಡು ಬರೆಯುತ್ತೇನೆ. ಮೇಷ್ಟ್ರಿಗೂ ಹೇಳಿದೆ. ಅಂದಿನಿಂದ ಅವರು ನನ್ನ ಕಿಟಕಿಗೆ ಬರುವುದಿಲ್ಲ, ಕಾರ್ಡನ್ನು ಸಿಸ್ಟರ್ ಕೈಯಲ್ಲಿ ಕಳಿಸುತ್ತಾರೆ. ಅದು ನ್ಯಾಯವೇ.

ಸರ್ವರಿಗೆ ಕೈ ಹಚ್ಚದೆಯೂ ಕೋಡು ಬರೆಯಬಹುದು ಎಂದು ತೋರಿಸಿದವಳು ನೀನೇ. ಹದಿಮೂರು, ಹದಿನಾಲ್ಕರ ನಿಯಮವನ್ನು ನಾನು ನಿನ್ನ ಕೋಡಿನೊಳಗೆ ಸೇರಿಸಿ, ಅದಕ್ಕೊಂದು ಪರೀಕ್ಷೆ ಬರೆದೆ. ಇನ್ನೊಬ್ಬರು ನೋಡಿ ಒಪ್ಪದೆ ಯಾವುದೂ ಮುಂದೆ ಹೋಗಬಾರದು ಎಂದು ನೀನು ಇಟ್ಟ ಕಟ್ಟಳೆಯ ಪ್ರಕಾರ ಅದು ನಿನಗಾಗಿ ಕಾಯುತ್ತಿದೆ. ಕೊಂಕು ತೆಗೆಯುವುದಿದ್ದರೆ ಧಾರಾಳವಾಗಿ ತೆಗೆ.

ಬೆನ್ನಿಗೆ ಬಿಸಿನೀರಿನ ಶಾಖ ಕೊಡು. ಹೊತ್ತಿಗೆ ಸರಿಯಾಗಿ ಊಟ ಮಾಡು. ಭಾವ ಕೇಳಿದರೆಂದು ಹೇಳಲು ಹೇಳಿದ್ದಾರೆ, ಮಗಳು ಅವಳ ಮುತ್ತನ್ನು ಲಕೋಟೆಯ ಅಂಟಿನ ಮೇಲೇ ಕೊಟ್ಟಿದ್ದಾಳೆ. ನೀನು ಎಲ್ಲಿದ್ದರೂ ನಿನ್ನ ತಲೆ ಮೇಲಾಗಿಯೇ ಇರಲಿ ಎಂದು ಹಾರೈಸುವ,

ನಿನ್ನ ಅಕ್ಕ

ಮರೆತೆ, ಅಲ್ಲ, ಮರೆತಿಲ್ಲ: ಲಕೋಟೆಯಲ್ಲಿ ಇನ್ನೊಂದು ಕಾಗದವಿದೆ, ಡಾಕ್ಟರದ್ದು. ಅಕ್ಕತಂಗಿ ಮಾತಾಡಿದ ಹಾಗೂ ಆಗಲಿ ಎಂದು ನನ್ನ ಕೈಗೇ ಕೊಟ್ಟರು. ವೆಬ್‌ಸೈಟನ್ನೆಲ್ಲ ನಿನಗೆ ಒಪ್ಪಿಸುತ್ತಾರಂತೆ, ಕಾಯಂ ಕೆಲಸ, ನಾನು ನಿನ್ನ ಕೈಕೆಳಗೆ. ಕೊಟ್ಟು ಐದು ದಿನವಾಯಿತು, ಬಟ್ಟೆ ಬೀರುವಿನಲ್ಲಿ ಸೀರೆಗಳ ಕೆಳಗೆ ಇಟ್ಟುಕೊಂಡಿದ್ದೆ. ಒಪ್ಪಿಗೆ ತಿಳಿಸಲು ಸೋಮವಾರವೇ ಕೊನೆ. ಕೊರಿಯರಿನವನು ನಾಳೆ ಭಾನುವಾರವಾದರೂ ತಲುಪಿಸುತ್ತೇನೆ ಎಂದಿದ್ದಾನೆ, ಉತ್ತರ ಬರೆಯುತ್ತ ಕೂರಬೇಡ, ಅವರಿಗೇ ಫೋನು ಮಾಡು. ನೀನು ಬಂದರೆ ಹೊಟ್ಟೆಕಿಚ್ಚು ಪಡುವುದಿಲ್ಲ ಎಂದು ಭಾಷೆ ಕೊಡಲಾರೆ, ಖಂಡಿತ ಪಡುತ್ತೇನೆ. ಆದರೂ ಬಾ.