ಎಂಟು ಸುತ್ತು, ಒಂದು ಕೈ

ಸಾಂಡೆಬಿ, ಆಗಸ್ಟ್ ಇಪ್ಪತ್ತು, ಮಂಗಳವಾರ

…ಅದಕ್ಕೇ ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದೇನೆ, ಕ್ಷಮಿಸು, ಪ್ರೀತಿಯ ಅಮ್ಮಾ. ಇದಕ್ಕೆ ಮುಂಚೆ ಮೊಬೈಲಿಗೆ ಮಾತಾಡಿದ್ದನ್ನೆಲ್ಲ ಅಳಿಸಿಬಿಟ್ಟೆ. ಒಂದರಲ್ಲಿ ಬರೀ ಬೈಗುಳವೇ ಇತ್ತು, ಇನ್ನೊಂದರಲ್ಲಿ ನಿನ್ನ ಮಂಡಿ ಹೇಗಿದೆ ಎಂದು ಕೇಳುವುದನ್ನೇ ಮರೆತಿದ್ದೆ. ಹೇಗಿದೆ ಮಂಡಿ? ಅಲ್ಲಿ ಸಮುದ್ರದಾಚೆ, ತುರ್ಕುವಿನಲ್ಲಿ ಈಗಲೇ ಚಳಿ ಶುರುವಾಗಿದೆಯಂತೆ, ಮಾಯ್ ಚಿಕ್ಕಮ್ಮ ಫೋನಿನಲ್ಲಿ ಹೇಳಿದಳು. ಅವಳ ಕಾಫಿ ಇನ್ನೂ ಟಾರಿನ ಹಾಗೇ ಇದೆಯೋ, ಅಥವಾ ನೀನು ಹೋದ ಮೇಲೆ ಸುಧಾರಿಸಿದೆಯೋ? ನಾವು ಚೆನ್ನಾಗಿದ್ದೇವೆ. ನಿನ್ನ ಸೊಸೆ ಪಿಯಾ ಹಿತ್ತಲಿನ ಕರಂಟ್ ಹಣ್ಣೆಲ್ಲ ಜಾಮ್ ಮಾಡಿ ಮುಗಿಸಿದಳು, ನಿನಗೆಂದು ಒಂದು ಸೀಸೆ ಎತ್ತಿಟ್ಟಿದ್ದಾಳೆ. ಅವಳು ಹೇಳುವುದು ಸರಿ: ಹೀಗೆ ಮೊಬೈಲಿಗೆ ಮಾತಾಡುವಾಗ ತಾರೀಖು, ಊರು ಎಲ್ಲ ಹೇಳಬೇಕಾಗಿಲ್ಲ. ಆದರೆ ಕಾಗದ ಹೇಗೆ ಬರೆಯಬೇಕೆಂದು ನನಗೆ ಕಲಿಸಿದವಳು ನೀನು, ಅದು ಬಾಯಿಂದ ಹೋಗುವುದಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಭಾನುವಾರ ನಮ್ಮ ಕ್ಲಬ್ಬಿನ ರೇಸಿನಲ್ಲಿ ನಿನ್ನ ಮೊಳದುದ್ದದ ಕೆಂಪು ಕಾರು ಓಡಿಸಿದೆ. ಹೌದು, ನೀನು ಅಡಿಗೆಮನೆಯ ಮೇಜಿನ ಮೇಲೆ ಕೆತ್ತಿ, ಅಪ್ಪನಿಗೆ ಬ್ರೆಡ್ ಕತ್ತರಿಸಲೂ ಜಾಗ ಬಿಡದೆ ಮಾಡಿದ್ದೆಯಲ್ಲ, ಅದೇ. ಎಂಜಿನ್ ಬಿಚ್ಚಿ ತೊಳೆದೆ, ಹೊಸ ಟೈರು ಹಾಕಿದೆ, ಬಣ್ಣ ಮಾತ್ರ ಮುಟ್ಟಲಿಲ್ಲ. ಟ್ರ್ಯಾಕಿನ ನಡುಗಂಬದ ತಂತಿಗೆ ಕಟ್ಟಿ, ಕೋಲಿನಿಂದ ತಳ್ಳಿಬಿಟ್ಟಾಗ ಮೊದಲು ಕೆಮ್ಮಿತು, ಆಮೇಲೆ ಕಂಬದ ಸುತ್ತ ಸುತ್ತುತ್ತ ಸುತ್ತುತ್ತ ಅದರ ಸ್ವರ ಏರಿತು ನೋಡು, ಬೇಲಿಯ ಹೊರಗೆ ಸಾಸೇಜ್ ತಿನ್ನುತ್ತಿದ್ದವರೆಲ್ಲ ಬಾಯಾಡಿಸುವುದನ್ನು ನಿಲ್ಲಿಸಿದರು. ಆಗ ನಾನು ಕೈ ಎತ್ತಿದೆ.

ಎತ್ತಬಾರದಿತ್ತು. ವಸಂತದಲ್ಲಿ ಆ ಪದ್ಧತಿಯನ್ನೇ ತೆಗೆದುಹಾಕಿದರು, ನಿನಗೆ ಹೇಳಿರಲಿಲ್ಲ. ಸ್ಕೂಲಿನಲ್ಲಿ ಲೆಕ್ಕ ಕಲಿಸುವ ಮಾಲಿನ್ ಹೊಸ ಯಂತ್ರ ಕೂರಿಸಿದ್ದಾಳೆ. ಅದು ಪ್ರತಿ ಸುತ್ತನ್ನೂ ತಾನೇ ಅಳೆದು, ಕೊನೆಗೆ ಅತಿ ಜೋರಾದ ಎಂಟು ಸುತ್ತನ್ನು ತಾನೇ ಆರಿಸಿಕೊಳ್ಳುತ್ತದೆ. ಇನ್ನು ಇದಕ್ಕಿಂತ ಜೋರಾಗಿ ಓಡಲಾರದು ಎಂದು ಕಾರಿನ ಒಡೆಯನಿಗೆ ಅನಿಸಿದ ಕ್ಷಣ ಕೈ ಎತ್ತಬೇಕು, ಆಗ ಗಡಿಯಾರ ಒತ್ತಿ ಅಲ್ಲಿಂದ ಎಂಟು ಸುತ್ತು ಅಳೆಯಬೇಕು, ಮೂರು ನಿಮಿಷದೊಳಗೆ ಕೈ ಏಳದಿದ್ದರೆ ಓಟವೇ ರದ್ದು, ಇದೆಲ್ಲ ಈಗ ಇಲ್ಲ. ಬೇಗ ಎತ್ತಿ ಕೆಟ್ಟೆ, ತಡಮಾಡಿ ಕೆಟ್ಟೆ ಎಂದು ಮನೆವರೆಗೂ ಗೊಣಗಿಕೊಂಡು ಹೋಗುವ ಸುಖವೂ ಇಲ್ಲ. ಯಂತ್ರ ನನ್ನ ಓಟಕ್ಕೆ ಗಂಟೆಗೆ ಇನ್ನೂರ ಹನ್ನೊಂದು ಕಿಲೋಮೀಟರ್ ಕೊಟ್ಟಿತು. ಮೊದಲ ಸ್ಥಾನ. ಇಂಗ್ವೆ ಬಹುಮಾನದ ಕಪ್ಪು ಹಿಡಿದುಕೊಂಡು ಬಂದ. ಈಗ ಕ್ಲಬ್ಬಿನ ಅಧ್ಯಕ್ಷ ಅವನೇ, ಹೊಟ್ಟೆ ಬಂದಿದೆ, ಕೂದಲು ಹೋಗಿದೆ. ಆದರೆ ಅವನ ಮುಖ ನೋಡಿದ್ದೇ ನನಗೆ ಎಂಬತ್ತೆಂಟನೇ ಇಸವಿ ಕಣ್ಣಮುಂದೆ ಬಂದು ನಿಂತಿತು.

ನನಗಾಗ ಹದಿನಾಲ್ಕು. ಬೇಲಿಗೆ ಮೂಗು ಒತ್ತಿ ನಿಂತಿದ್ದೆ. ಎಂಟು ಸುತ್ತಿನ ಗಡಿಯಾರ ಹಿಡಿದಿದ್ದವನು ಇದೇ ಇಂಗ್ವೆ. ನೀನು ಕಾದೆ, ಕಾದೆ, ಗಂಡಸರೆಲ್ಲ ಎತ್ತಮ್ಮಾ ಕೈ ಎಂದು ಕೂಗುತ್ತಿದ್ದರೂ ಕಾದೆ, ಕಾರು ಹಾಡಲು ಶುರುಮಾಡಿದ ಮೇಲೆ ಎತ್ತಿದೆ. ಇನ್ನೂರ ಒಂಬತ್ತು ಎಂದು ಇಂಗ್ವೆಯೇ ಬಾಯಿಬಿಟ್ಟು ಓದಿದ. ಆವರೆಗೆ ಸಾಂಡೆಬಿಯಲ್ಲಿ ಯಾರೂ ಅಷ್ಟು ಓಡಿಸಿರಲಿಲ್ಲ. ಅಷ್ಟರಲ್ಲಿ ಆಗಿನ ಅಧ್ಯಕ್ಷ ಜೇಬಿನಿಂದ ತನ್ನ ಗಡಿಯಾರ ತೆಗೆದು, ಮೂರು ನಿಮಿಷ ದಾಟಿತ್ತು, ರದ್ದು ಎಂದ. ನೀನು ಜಗಳ ಆಡಲಿಲ್ಲ. ಎತ್ತಿದ ಕೈ ಇಳಿಸಲಿಲ್ಲ ಅಷ್ಟೆ. ಎಣ್ಣೆ ಮುಗಿದು ಕಾರು ತಾನಾಗಿ ನಿಲ್ಲುವವರೆಗೂ ಹಾಗೇ ನಿಂತಿದ್ದು, ಆಮೇಲೆ ಕೋಟು ಹಾಕಿಕೊಂಡು ಹೊರಟವಳು ಮತ್ತೆ ಆ ಗೇಟು ದಾಟಲಿಲ್ಲ.

ಹಾಗಾಗಿ ಭಾನುವಾರ ನಾನು ಕಪ್ಪು ತೆಗೆದುಕೊಳ್ಳಲಿಲ್ಲ. ನಾನು ಕೈ ಎತ್ತಿದಲ್ಲಿಂದ ಎಂಟು ಸುತ್ತು ಎಷ್ಟು ಬರುತ್ತದೆ ನೋಡು ಎಂದು ಮಾಲಿನ್‌ಗೆ ಹೇಳಿದೆ. ಅವಳು ನೋಡಿದಳು, ಇನ್ನೂರ ಏಳು. ಸ್ವಲ್ಪ ಬೇಗ ಎತ್ತಿಬಿಟ್ಟಿದ್ದೆ, ನಿನ್ನಷ್ಟು ತಾಳ್ಮೆ ನನಗೆಲ್ಲಿ. ಆ ಲೆಕ್ಕಕ್ಕೆ ನಾನು ಮೂರನೆಯವನು. ಇಂಗ್ವೆ ನಕ್ಕ.

"ಲೋ ಸ್ಟೆಲ್ಲನ್, ಗೆದ್ದೋನು ಸೋತೆ ಅಂತ ಹಟ ಹಿಡಿಯೋದನ್ನ ಇವತ್ತೇ ನೋಡ್ತಿರೋದು ನಾನು. ಆಟದ ಕಾರು ಮಾರಾಯ, ಕಪ್ ತಗೊಂಡು ಮನೆಗೆ ಹೋಗು."

"ಆಟದ ಕಾರು ಅಂತ ಅವತ್ತು ನಮ್ಮಮ್ಮಂಗೆ ಯಾಕೆ ಹೇಳ್ಲಿಲ್ಲ? ಕೈ ಬೇಡ ಅಂತಾದ್ರೆ ಅವಳ ಇನ್ನೂರ ಒಂಬತ್ತನ್ನ ದಾಖಲೆ ಬೋರ್ಡಿಗೆ ಹಾಕಿ. ಕೈ ಬೇಕೇ ಬೇಕು ಅಂತಾದ್ರೆ ಈ ಕಪ್ಪನ್ನ ಬೇರೆಯವ್ರಿಗೆ ಕೊಡಿ. ಎರಡರಲ್ಲಿ ಒಂದು ಹೇಳಿ, ನಾನು ಕೂತಿರ್ತೀನಿ."

ಕೂತೇಬಿಟ್ಟೆ, ಟ್ರ್ಯಾಕಿನ ಮಧ್ಯೆ, ಕಂಬಕ್ಕೆ ಒರಗಿಕೊಂಡು. ಆಮೇಲಿನ ಓಟಗಳೆಲ್ಲ ನಿಂತವು. ಕೆಲವರು ಬೈದರು, ಯಾರೋ ಒಬ್ಬರು ದಾಲ್ಚಿನ್ನಿ ಬನ್ನು ತಂದುಕೊಟ್ಟರು. ಹಳೆಯದನ್ನು ಕೆದಕಿದರೆ ಎಲ್ಲಿಗೆ ನಿಲ್ಲುತ್ತದೆ ಎಂದು ಇಂಗ್ವೆ ಕೇಳಿದ. ಇನ್ನೂರ ಒಂಬತ್ತಕ್ಕೆ ನಿಲ್ಲುತ್ತದೆ ಎಂದೆ. ಆಗ ಅವನು ನಗಲಿಲ್ಲ. ಶನಿವಾರ ಸಭೆ ಕರೆಯುತ್ತೇನೆ, ಸದಸ್ಯರೇ ತೀರ್ಮಾನ ಮಾಡಲಿ ಎಂದು ಹೇಳಿ ಹೋದ. ನಾನು ಶನಿವಾರದವರೆಗೆ ಕಾಯಲಿಲ್ಲ. ನಿನ್ನೆ ಏಣಿ ಹಾಕಿ, ಕ್ಲಬ್ಬಿನ ಬೋರ್ಡಿನ ಮೇಲೆ ಎಂಬತ್ತೆಂಟರ ಎದುರಿಗೆ ಬಿಳಿ ಬಣ್ಣದಲ್ಲಿ ನಿನ್ನ ಹೆಸರು ಬರೆದೆ: ಗುನ್ವೊರ್, ೨೦೯. ಅಕ್ಷರ ಸೊಟ್ಟಗೆ ಬಂದಿವೆ. ಸಭೆಗೆ ಮುಂಚೆ ಅಳಿಸಬೇಕಂತೆ, ಇಂಗ್ವೆ ಹೇಳಿಕಳಿಸಿದ್ದಾನೆ. ಅಳಿಸುವುದಿಲ್ಲ.

ಮಾಯ್ ಚಿಕ್ಕಮ್ಮನಿಗೆ ನಮಸ್ಕಾರ ಹೇಳು. ಮಂಡಿಗೆ ಬಿಸಿನೀರಿನ ಚೀಲ ಇಟ್ಟುಕೋ, ಮೆಟ್ಟಿಲು ಹತ್ತುವಾಗ ಚಿಕ್ಕಮ್ಮನ ತೋಳು ಹಿಡಿದುಕೋ. ಪಿಯಾಳ ಮುತ್ತುಗಳೊಂದಿಗೆ,

ನಿನ್ನ ಮಗ
ಸ್ಟೆಲ್ಲನ್

ತಾಳು, ತಾಳು, ಮುಖ್ಯವಾದದ್ದೇ ಉಳಿಯಿತು. ಶನಿವಾರ ಮತ ಹಾಕುವವರನ್ನು ಮಾಲಿನ್ ಎಣಿಸಿ ನೋಡಿದ್ದಾಳೆ, ನಮ್ಮ ಕಡೆ, ಅವರ ಕಡೆ ಸರಿಸಮ ಇದ್ದಾರೆ. ಸಮ ಬಂದರೆ ಅಧ್ಯಕ್ಷ ಹೇಳಿದ ಹಾಗೆ. ಆದರೆ ನೀನು ರಾಜೀನಾಮೆ ಕೊಡಲೇ ಇಲ್ಲವಲ್ಲಮ್ಮಾ. ಹೆಸರು ಹೊಡೆದುಹಾಕೋಕೆ ಅವರಿಗೆ ನೆಪ ಸಿಗಬಾರದು ಎಂದು ವರ್ಷಾ ವರ್ಷಾ ಚಂದಾ ಕಳಿಸುತ್ತ ಬಂದಿದ್ದೀಯ. ನೀನು ಇವತ್ತಿಗೂ ಸದಸ್ಯೆ. ಫೋನಿನಲ್ಲಿ ಹೇಳಿದ ಮತ, ಕಾಗದದಲ್ಲಿ ಕಳಿಸಿದ ಮತ ಎಣಿಸುವುದಿಲ್ಲ, ಎದುರಿಗೆ ಕೂತು ಕೈ ಎತ್ತಬೇಕು. ಶುಕ್ರವಾರ ರಾತ್ರಿಯ ಹಡಗು ಹತ್ತು, ಬೆಳಿಗ್ಗೆ ಬಂದರಿನಲ್ಲಿ ಕಾರು ನಿಲ್ಲಿಸಿಕೊಂಡಿರುತ್ತೇನೆ. ಮಂಡಿ ನೋವಾದರೆ ಹೊತ್ತುಕೊಂಡಾದರೂ ಗೇಟು ದಾಟಿಸುತ್ತೇನೆ. ನೀನು ಎಷ್ಟು ಹೊತ್ತು ಬೇಕಾದರೂ ಕಾದು ಎತ್ತು, ಈ ಸಲ ಯಾರು ಗಡಿಯಾರ ತೆಗೆಯುತ್ತಾರೋ ನೋಡುತ್ತೇನೆ. ಹಾಂ, ಬಂದೆ ಪಿಯಾ… ಯಾರು? ಇಂಗ್ವೆಯಾ? ಕೈಯಲ್ಲಿ ಬಣ್ಣ ಅಳಿಸೋ ಟರ್ಪೆಂಟೈನ್ ಬಾಟಲಿನಾ? ಅಮ್ಮಾ, ಇಡ್ತೀನಿ, ಏಣಿ ಬಚ್ಚಿಡಬೇಕು.