ಎಲೆಯ ಹಿಂಬದಿಯ ಒಂಟಿಸಾಲು

ಶಾಲಿವಾಹನ ಶಕೆ ೨೨೪೬, ಮಂಜುಮಾಸದ ಮೂವತ್ತೈದನೆಯ ದಿನ
ಮೋಡಕೇರಿ, ಆಂಡಿಸ್ ಪರ್ವತದ ಪೂರ್ವದ ಇಳಿಜಾರು

ನನಗಿಂತ ಮುನ್ನೂರು ವರ್ಷ ಮೊದಲು ಬದುಕುತ್ತಿರುವ ನಿಮಗೆ ಹುಲಿಗೆಮ್ಮ ಕೀಸ್ಪೆಯ ಶರಣು.

ಮಂಜುಮಾಸ ನಿಮ್ಮ ಪಂಚಾಂಗದಲ್ಲಿಲ್ಲ, ಹುಡುಕಬೇಡಿ. ಮಳೆ ಬಿಸಿಲುಗಳು ತಮ್ಮ ಜಾಗ ಬಿಟ್ಟು ಸರಿದ ಮೇಲೆ ನಲವತ್ತು ದಿನಗಳ ಹದಿಮೂರನೆಯ ತಿಂಗಳೊಂದನ್ನು ನಾವೇ ಸೇರಿಸಿಕೊಂಡೆವು. ನನ್ನ ಕನ್ನಡವೂ ನಿಮಗೆ ವಿಚಿತ್ರವೆನಿಸಬಹುದು. ನಮ್ಮ ಹಿರಿಯರು ರಾಯಚೂರಿನ ಕಡೆಯವರು. ಬೋಳಾಗಿದ್ದ ಈ ಬೆಟ್ಟಗಳಿಗೆ ಕಾಡು ಹಚ್ಚಲು ಬಂದು, ಇಲ್ಲಿಯವರೊಂದಿಗೆ ಬೀಗತನ ಬೆಳೆಸಿ, ಇಲ್ಲೇ ಉಳಿದರು. ಹೀಗಾಗಿ ನಮ್ಮ ಮಾತಿನಲ್ಲಿ ನಿಮಗೆ ತಿಳಿಯದ ಎಷ್ಟೋ ಶಬ್ದಗಳು ಸೇರಿವೆ. ಈ ಪತ್ರಕ್ಕೆಂದೇ ನಿಮ್ಮ ಕಾಲದ ಪುಸ್ತಕಗಳನ್ನು ಓದಿ ಭಾಷೆ ತಿದ್ದಿಕೊಂಡಿದ್ದೇನೆ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಕಾಗದ ಹಿಂದಿನ ಕಾಲಕ್ಕೆ ಹೇಗೆ ತಲುಪುತ್ತದೆಂದು ಮಾತ್ರ ಕೇಳಬೇಡಿ. ಕಳುಹಿಸುವವರು ಎಷ್ಟು ಬಿಡಿಸಿ ಹೇಳಿದರೂ ಅದು ನನ್ನ ತಲೆಗೆ ಹತ್ತಲಿಲ್ಲ.

ನಾನು ಈ ಊರಿನ ಎಲೆತಿರುವಿ. ಅಂದರೆ ಜರಿಗಿಡದ ಎಲೆಯನ್ನು ತಿರುವಿ ನೋಡಿ ಅದರ ಜಾತಿ ಹೇಳುವವಳು. ಜರಿಗಿಡಕ್ಕೆ ಹೂವೂ ಇಲ್ಲ, ಕಾಯಿಯೂ ಇಲ್ಲ. ಅದರ ಸಂಸಾರವೆಲ್ಲ ಎಲೆಯ ಬೆನ್ನಿನಲ್ಲಿದೆ. ಅಲ್ಲಿ ಕಂದುಬಣ್ಣದ ಚುಕ್ಕೆಗಳು ಏಳುತ್ತವೆ, ಒಣಗಿದಾಗ ಅವುಗಳಿಂದ ಹಿಟ್ಟಿನಂಥ ಪುಡಿ ಉದುರುತ್ತದೆ, ಆ ಪುಡಿಯಿಂದಲೇ ಹೊಸ ಗಿಡ. ಚುಕ್ಕೆ ದುಂಡಗಿದೆಯೋ ಉದ್ದವೋ, ಅಂಚಿನಲ್ಲಿದೆಯೋ ನರದ ಮೇಲೋ, ಅದಕ್ಕೆ ಮುಚ್ಚಳವುಂಟೋ ಇಲ್ಲವೋ ನೋಡಬೇಕು. ಬುಡದ ಹೊಟ್ಟಿನಂಥ ಪೊರೆಯನ್ನು ಬೆರಳಿನಿಂದ ಉಜ್ಜಿ ನೋಡಬೇಕು. ಎಲೆಯನ್ನು ಬೆಳಕಿಗೆ ಹಿಡಿದು ನರಗಳ ಬಲೆಯನ್ನು ಓದಬೇಕು. ಗಿಡದ ಒಳಗುಟ್ಟನ್ನೇ ಓದುವ ಯಂತ್ರಗಳು ನಿಮ್ಮಲ್ಲಿದ್ದುವಂತೆ. ಈ ಬೆಟ್ಟದ ಮೇಲೆ ನಮಗಿರುವುದು ಕಣ್ಣು, ಬೆರಳು, ಒಂದು ಭೂತಗನ್ನಡಿ.

ನಮ್ಮೂರಿನಲ್ಲಿ ಹೆಣ್ಣು ನೋಡಲು ಬಂದ ಗಂಡಿನ ಕೈಗೆ ಹುಡುಗಿ ಒಂದು ಜರಿಎಲೆ ಕೊಡುತ್ತಾಳೆ. ಅವನು ಮೇಲ್ಭಾಗವನ್ನಷ್ಟೇ ನೋಡಿ ಚಂದವಿದೆ ಎಂದರೆ, ಚೀಲ ಎತ್ತಿಕೊಂಡು ಬಂದ ದಾರಿ ಹಿಡಿಯಬೇಕು. ನನ್ನ ಗಂಡ ತಿರುವಿದ್ದೇನೋ ನಿಜ, ಆದರೆ ಚುಕ್ಕೆ ನೋಡುವುದು ಬಿಟ್ಟು ನನ್ನ ಮುಖ ನೋಡುತ್ತ ಕುಳಿತ. ಹೋಗಲಿ ಪಾಪ ಎಂದು ಒಪ್ಪಿಕೊಂಡೆ.

ಈ ಪದ್ಧತಿ ಹುಟ್ಟಿದ್ದು ನಮ್ಮವರದೇ ಒಂದು ತಪ್ಪಿನಿಂದ. ಮೊದಲು ಬಂದ ಹಿರಿಯರು ಜೋಳ ಬೆಳೆದವರು, ಎಲೆಯ ಮೇಲಿನ ತುಕ್ಕುರೋಗ ಕಂಡು ಕಂಡು ಬೆಂದವರು. ಇಲ್ಲಿ ಅಳಿದುಳಿದಿದ್ದ ಮರಗಳ ಮೇಲಿನ ಜರಿಗಳ ಬೆನ್ನಿನಲ್ಲಿ ಕಂದು ಚುಕ್ಕೆ ಕಂಡೊಡನೆ ಅವರ ಎದೆ ಧಸಕ್ಕೆಂದಿತು. ಅಯ್ಯೋ, ಇಲ್ಲಿಗೂ ಬಂತಲ್ಲ ರೋಗ! ಚುಕ್ಕೆಯಿದ್ದ ಎಲೆಗಳನ್ನೆಲ್ಲ ಕೊಯ್ದು ಸುಟ್ಟರು. ಮಕ್ಕಳಿಗೂ ಅದನ್ನೇ ಕಲಿಸಿದರು. ಮೈಮುರಿದು, ಒಂದು ಮರವನ್ನೂ ಬಿಡದೆ, ಎರಡು ತಲೆಮಾರು ದುಡಿದು ಅವರು ಸುಟ್ಟದ್ದು ಗಿಡದ ಬೀಜವನ್ನು! ನೆನೆದರೆ ಇವತ್ತಿಗೂ ನನ್ನ ಹೊಟ್ಟೆ ಉರಿಯುತ್ತದೆ. ಯಾರನ್ನು ಬೈಯಲಿ? ಒಳ್ಳೆಯದಾಗಲೆಂದೇ ಮಾಡಿದರು.

ಹಾಗೆ ಕಳೆದುಹೋದ ಜರಿಯನ್ನು ನಾವು ಒಂಟಿಸಾಲು ಎನ್ನುತ್ತೇವೆ. ತೋಳುದ್ದದ, ಸೀಳಿಲ್ಲದ, ಪಟ್ಟಿಯಂಥ ದಪ್ಪ ಎಲೆ. ಎಲೆಯ ನಡುನರದಿಂದ ಅಂಚಿಗೆ ಓರೆಯಾಗಿ ಹೋಗುವ ಪಕ್ಕದ ನರಗಳಿವೆಯಲ್ಲ, ಅಂಥ ಎರಡು ನರಗಳ ನಡುವೆ ದೊಡ್ಡ ದುಂಡು ಚುಕ್ಕೆಗಳ ಒಂದೇ ಸಾಲು. ಅದರ ನೆಂಟ ಜೋಡಿಸಾಲಿನದೂ ಅಂಥದೇ ಎಲೆ, ಆದರೆ ಅದೇ ಜಾಗದಲ್ಲಿ ಸಣ್ಣ ಚುಕ್ಕೆಗಳ ಎರಡು ಸಾಲು; ಅವು ಸುಲಭವಾಗಿ ಕಣ್ಣಿಗೆ ಬೀಳದ್ದರಿಂದ ಅದು ಬೆಂಕಿಯಿಂದ ತಪ್ಪಿಸಿಕೊಂಡಿತು. ಚುಕ್ಕೆ ಏಳುವವರೆಗೆ ಇವೆರಡನ್ನು ಬೇರೆ ಮಾಡಲು ನನ್ನಿಂದಲೂ ಆಗದು. ಒಂಟಿಸಾಲು ಮರದ ಕೊಂಬೆಯ ಮೇಲೆ ಬೇರಿನ ದೊಡ್ಡ ಬುಟ್ಟಿಯನ್ನೇ ಹೆಣೆದು, ಮೋಡವನ್ನು ಹೀರಿ, ಮಳೆಯಿಲ್ಲದ ತಿಂಗಳುಗಳಲ್ಲಿ ಹನಿಹನಿಯಾಗಿ ಕೆಳಗಿಳಿಸುತ್ತಿತ್ತು. ಮರದ ಕೆಳಗೆ ನಾವಿಡುವ ಹನಿಗೊಡಗಳು ಬೆಳಗಾಗುವುದರೊಳಗೆ ತುಂಬುತ್ತಿದ್ದುವಂತೆ. ಜೋಡಿಸಾಲಿನ ಬೇರು ತೆಳು, ಅದರಲ್ಲಿ ನೀರು ನಿಲ್ಲದು. ಈಗ ಕೊಡಗಳಲ್ಲಿ ತಳ ಒದ್ದೆಯಾಗುವಷ್ಟು ನೀರು ಸಿಕ್ಕರೆ ಪುಣ್ಯ. ಒರತೆಗಳೂ ಬತ್ತುತ್ತಿವೆ. ಮೆಕ್ಕೆಜೋಳದ ಕೊಯ್ಲು ಮುಗಿದೊಡನೆ ಊರು ಬಿಟ್ಟು ಕೆಳಗಿನ ಬಯಲಿಗೆ ಇಳಿಯುವುದೆಂದು ಪಂಚರು ತೀರ್ಮಾನಿಸಿದ್ದಾರೆ. ಅಷ್ಟರೊಳಗೆ ಒಂಟಿಸಾಲು ಸಿಕ್ಕರೆ ಮಾತ್ರ ಉಳಿಯುವುದು.

ಪಂಚರ ಹಿರಿಯ ನನ್ನ ಮೈದುನ ಅಮರೇಶ. ಮೊನ್ನೆ ಬಾಗಿಲಲ್ಲೇ ನಿಂತು, “ವೈನಿ, ಆ ಎಲಿ ತಪ್ಪಲ ಹಿಡ್ಕೊಂಡು ಇನ್ನಾ ಎಷ್ಟ ದಿನ ಕುಂದರ್ತಿ? ನೀರಿಲ್ಲದ ಊರಾಗ ಮಂದಿ ಹೆಂಗ ಬಾಳಬೇಕು? ಗಂಟು ಕಟ್ಟು, ನಡಿ” ಎಂದ. ಅವನದೂ ಸುಳ್ಳಲ್ಲ, ಅವನ ಮನೆಯಲ್ಲಿ ಎಳೆಗೂಸಿದೆ. ಆದರೂ ನನಗೆ ಸಿಟ್ಟು ತಡೆಯಲಾಗಲಿಲ್ಲ. “ನೀ ಬೇಕಾದ್ರ ಹೋಗಪಾ. ನಮ್ಮವ್ವ ಹಚ್ಚಿದ ಮರ ಇಲ್ಲಿ ನಿಂತಾವು. ನಾ ಒಲ್ಲೆ” ಎಂದೆ.

ನದಿಯಾಚೆಯ ಕಂದರದಿಂದ ನಾನೇ ತಂದು, ಗಾಜಿನ ಗೂಡಿನಲ್ಲಿ ಬೆಳೆಸಿದ ಒಂದು ಗಿಡವಿತ್ತು. ಅದರ ಮೇಲೆಯೇ ನನ್ನ ಎಲ್ಲ ಆಸೆ. ಇವತ್ತು ಬೆಳಿಗ್ಗೆ ಅದರ ಎಲೆ ಮೊದಲ ಸಲ ಚುಕ್ಕೆ ಕಟ್ಟಿತು. ತಿರುವಿದೆ. ನರಗಳ ನಡುವೆ ಎರಡು ಸಾಲು. ಭೂತಗನ್ನಡಿ ಒರೆಸಿ ಮತ್ತೆ ನೋಡಿದೆ, ಎರಡೇ. ಗೂಡಿನ ಪಕ್ಕದಲ್ಲಿ ಕುಳಿತು ಮನಸಾರೆ ಅತ್ತೆ. ಆಮೇಲೆ ಎದ್ದು ಮುಖ ತೊಳೆದು ಈ ಕಾಗದ ಬರೆಯಲು ಕುಳಿತೆ.

ನಿಮ್ಮಿಂದ ನನಗೊಂದು ಕೆಲಸ ಆಗಬೇಕು. ನಿಮ್ಮ ಕಾಲದವರು ತೆಗೆದ ಚಿತ್ರಗಳ ಭಂಡಾರ ನಮ್ಮಲ್ಲಿ ಉಳಿದಿದೆ, ಪ್ರತಿ ಚಿತ್ರದೊಂದಿಗೆ ಅದನ್ನು ತೆಗೆದ ಜಾಗದ ಗುರುತೂ ಇದೆ. ಈ ಪಟ್ಟಿಎಲೆಯ ಚಿತ್ರಗಳನ್ನು ಲೆಕ್ಕವಿಲ್ಲದಷ್ಟು ನೋಡಿದ್ದೇನೆ. ಇಬ್ಬನಿಯೊಂದಿಗೆ, ಬಿಸಿಲುಕೋಲಿನೊಂದಿಗೆ, ನಗುವ ನಿಮ್ಮ ಮುಖಗಳೊಂದಿಗೆ. ಎಲ್ಲವೂ ಮೇಲಿನಿಂದ! ಒಬ್ಬರಾದರೂ, ಒಂದು ಸಲವಾದರೂ, ಎಲೆ ಮಗುಚಬಾರದಿತ್ತೇ? ಅಲ್ರೀ, ಕೈಯೇನು ಸವೆಯುತ್ತಿತ್ತೇ? ಆ ಚಿತ್ರಗಳಲ್ಲಿ ಯಾವುದು ಒಂಟಿಸಾಲು, ಯಾವುದು ಜೋಡಿಸಾಲು ಎಂದು ತಿಳಿಯದೆ ಕಣ್ಣು ಕಟ್ಟಿಕೊಂಡು ಬೆಟ್ಟ ಹತ್ತಿ ಇಳಿದಿದ್ದೇನೆ. ಒಂಟಿಸಾಲು ಬೆಳೆದಿದ್ದ ಜಾಗ ಗೊತ್ತಾದರೆ ಸಾಕು. ಗಿಡ ಸತ್ತಿದ್ದರೂ ಅದರ ಪುಡಿ ಮಣ್ಣಿನಲ್ಲಿ ಬಹಳ ಕಾಲ ಮಲಗಿರುತ್ತದೆ. ಒಂದು ಬೊಗಸೆ ಮಣ್ಣು ತಂದು, ನೀರುಣಿಸಿ ಎಬ್ಬಿಸುವುದು ನನಗೆ ಗೊತ್ತು.

ಕನ್ನಡದವರು ಹೋಗದ ದೇಶವಿಲ್ಲ. ನಿಮ್ಮಲ್ಲಿ ಯಾರೋ ಒಬ್ಬರು ಈ ಬೆಟ್ಟಗಳಿಗೂ ಬರುತ್ತೀರಿ. ಬರುವವರಿಗೆ ಉಳಿದವರು ಹೇಳಿ ಕಳುಹಿಸಿ. ಪಾಚಿ ಹಿಡಿದ ಕೊಂಬೆಯ ಮೇಲೆ ತೋಳುದ್ದದ ಪಟ್ಟಿಎಲೆ ಕಂಡರೆ ಕೀಳಬೇಡಿ, ಒರೆಸಬೇಡಿ. ಮೆಲ್ಲಗೆ ತಿರುವಿ, ಬೆನ್ನಿನ ಚಿತ್ರ ತೆಗೆಯಿರಿ.

ಕಾಗದ ಇವತ್ತು ಹೊರಡುತ್ತದೆ. ನಾಳೆ ಬೆಳಿಗ್ಗೆ ನಾನು ಭಂಡಾರ ತೆರೆಯುತ್ತೇನೆ. ಇವತ್ತು ಅಲ್ಲಿ ಇಲ್ಲದ ಚಿತ್ರವೊಂದು ನಾಳೆ ಇದ್ದರೆ, ಅದು ನಿಮ್ಮ ಕೈಯದೆಂದು ತಿಳಿದು, ಅದು ತೋರಿಸಿದ ಬೆಟ್ಟದ ಕಡೆಗೆ ಹೊರಡುತ್ತೇನೆ. ಇಲ್ಲದಿದ್ದರೂ ಹೊರಡುತ್ತೇನೆ. ಯಾವ ಕಡೆಗೆ ಎಂಬುದು ಮಾತ್ರ ಗೊತ್ತಿರುವುದಿಲ್ಲ.