ಎಂಟನೆಯ ನರ

ಟೈಲರ್ ಅಂಗಡಿ, ಬಟ್ಟೆ ಕತ್ತರಿಸುವ ಮೇಜು
ಬುಧವಾರ, ೧೨ನೇ ತಾರೀಖು

ಪ್ರೀತಿಯ ಇವಳೇ,

ಹೇಗಿದ್ದೀಯ? ಮಂಡಿನೋವು ಕಡಿಮೆಯಾಯಿತೇ? ನಿಮ್ಮಕ್ಕನ ಮನೆಯ ಮೆಟ್ಟಿಲನ್ನು ದಿನಕ್ಕೆ ಹತ್ತು ಸಲ ಹತ್ತಿಳಿಯಬೇಡ. ನಾನೂ ಮಗಳೂ ಕ್ಷೇಮ, ಅಡುಗೆಯೊಂದನ್ನು ಬಿಟ್ಟು. ನೀನು ಮುನಿಸಿಕೊಂಡು ಹೊರಟು ಇಂದಿಗೆ ಒಂಬತ್ತು ದಿನ. ಹೋಗುವಾಗ ಮಗಳ ಹತ್ತಿರ, "ಮೂರು ಸಲ ಕೇಳ್ದೆ. ಗೋಡೆಯಾದ್ರೂ ಉತ್ತರ ಕೊಡ್ತಿತ್ತು" ಅಂದೆಯಂತೆ. ನೀನು ಕೇಳಿದ್ದೇನೆಂದೇ ನನಗೆ ಗೊತ್ತಿಲ್ಲ. ಅದನ್ನು ಒಪ್ಪಿಕೊಳ್ಳದೆ, ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂಬಂತೆ ನಾನೂ ಮುಖ ಊದಿಸಿಕೊಂಡು ಕೂತೆ.

ಶುಕ್ರವಾರ ಮಗಳಿಗೆ ಡಾಕ್ಟರಿಕೆಯ ಪ್ರಾಕ್ಟಿಕಲ್ ಪರೀಕ್ಷೆ. ಮಿದುಳಿನಿಂದ ನೇರವಾಗಿ ಹೊರಡುವ ನರಗಳು ಹನ್ನೆರಡು ಜೊತೆಯಂತೆ. ಅವನ್ನು ಪರೀಕ್ಷಿಸಿ ಕಲಿಯಲು ಸಿಕ್ಕ ಬಡಪಾಯಿ ನಾನು. ಭಾನುವಾರ ಅಂಗಡಿಯಲ್ಲೇ ಕೂರಿಸಿ, ಕಣ್ಣು ಮುಚ್ಚಿಸಿ, ಮೂಗಿಗೆ ಸಾಬೂನು ಹಿಡಿದಳು, ಒಂದನೆಯದು ಪಾಸು. ಕ್ಯಾಲೆಂಡರ್ ಓದಿಸಿದಳು, ಎರಡನೆಯದು. ಒಂದು ಕಣ್ಣುಗುಡ್ಡೆ ಆಡಿಸಲು ಮೂರು, ನಾಲ್ಕು, ಆರು ಎಂದು ಮೂರು ನರ ಬೇಕಂತೆ. ಒಂದು ಗುಂಡಿ ಹೊಲಿಯಲು ಮೂವರು ಟೈಲರುಗಳನ್ನು ಇಟ್ಟಹಾಗಾಯಿತು. ಐದಕ್ಕೆ ಕೆನ್ನೆಗೆ ಹತ್ತಿ ಸವರಿದಳು, ಏಳಕ್ಕೆ ಹಲ್ಲು ಕಿರಿ ಎಂದಳು. ಅದೇ ಹೊತ್ತಿಗೆ ಕೋಟಿನ ಅಳತೆ ಕೊಡಲು ಹೆಡ್‌ಮಾಸ್ತರು ಬಾಗಿಲಲ್ಲಿ ನಿಂತರು. ನಾಳೆ ಬರುತ್ತೇನೆಂದು ಹೋದವರು ಇನ್ನೂ ಬಂದಿಲ್ಲ. ಒಂಬತ್ತು ಹತ್ತಕ್ಕೆ ಬಾಯಿ ತೆರೆದು 'ಆ' ಅಂದೆ. ಮೂವತ್ತು ವರ್ಷ ಊರವರ ಭುಜ ಅಳೆದವನ ಭುಜ ಒತ್ತಿಹಿಡಿದು ಎತ್ತು ಎಂದಳು, ಕೊನೆಗೆ ನಾಲಿಗೆ ಚಾಚಿಸಿದಳು.

ಬೆರಳು ಮಡಿಸಿ ಎಣಿಸಿದರೆ ಎಂಟನೆಯದೇ ಬಿಟ್ಟುಹೋಗಿತ್ತು. ಬೆನ್ನ ಹಿಂದೆ ನಿಂತು ಒಂದು ಕಿವಿ ಮುಚ್ಚಿ ಇನ್ನೊಂದಕ್ಕೆ ಪಿಸುಗುಟ್ಟಬೇಕು. ಬಲಗಿವಿಗೆ ಹೇಳಿದ ಸಂಖ್ಯೆಯನ್ನು ತಕ್ಷಣ ಒಪ್ಪಿಸಿದೆ. ಆಮೇಲೆ ಬಲಗಿವಿ ಮುಚ್ಚಿದಳು. ಕಾದು ಕಾದು, "ಏನಾದ್ರೂ ಹೇಳೇ" ಎಂದೆ. ಅವಳು ಕೈ ತೆಗೆದು ಎದುರಿಗೆ ಬಂದಳು. "ಅಪ್ಪಾ, ಐದು ಸಲ ಹೇಳ್ದೆ" ಎಂದಳು.

ನಿನ್ನೆ ಕಿವಿ ಡಾಕ್ಟರು ನೋಡಿದರು. ಗುಗ್ಗೆಯಲ್ಲ, ಎಡಗಡೆಯ ನರ ಸೋತು ವರ್ಷಗಳೇ ಆಗಿವೆಯಂತೆ. ಬೇರೆ ಭಯವಿಲ್ಲ, ಬಲಗಿವಿ ಚೆನ್ನಾಗಿದೆ. ಜಾಣಕಿವುಡು ಎಂದು ಬಯ್ಯುತ್ತಿದ್ದೆಯಲ್ಲ, ಅದರಲ್ಲಿ ಜಾಣತನವೇನೂ ಇರಲಿಲ್ಲ ಕಣೇ. ಕಾಜಾ ಹೊಲಿಯಲು ನೀನು ಕೂರುವುದು ಯಾವಾಗಲೂ ನನ್ನ ಎಡಕ್ಕೆ. ಇಷ್ಟು ವರ್ಷ ಅಲ್ಲಿ ಕೂತು ಏನೇನು ಹೇಳಿದೆಯೋ ಏನೋ.

ನಿಮ್ಮಕ್ಕ, ಭಾವನಿಗೆ ನನ್ನ ನಮಸ್ಕಾರ. ಮಂಡಿಗೆ ಎಣ್ಣೆ ಹಚ್ಚಿಕೋ.

ನಿನ್ನ
'ರೀ'

ವಿ.ಸೂ.: ಅಂಚೆಯವನು ಬಂದೇಬಿಟ್ಟ. ನಿನ್ನ ಸ್ಟೂಲನ್ನು ಬಲಕ್ಕೆ ಎಳೆದಿಟ್ಟಿದ್ದೇನೆ. ಅಂದು ಏನು ಕೇಳಿದೆಯೆಂದು ಮಗಳು ಬಾಯಿಬಿಡುತ್ತಿಲ್ಲ. ಏನೇ ಆಗಿರಲಿ, ನನ್ನ ಉತ್ತರ ಹೂಂ. ಸ್ವಲ್ಪ ದಿನ ಅಕ್ಕನ ಮನೇಲಿ ಇದ್ದು ಬರಲೇ ಎಂದು ಕೇಳಿದ್ದರೆ ಮಾತ್ರ ಊಹೂಂ.